ಎರಡು ಸಲ ತಿರುಗಿಸಿದ್ರೆ ಮೊದಲಿನ ದಿಕ್ಕೇ ಅಲ್ವಾ? ಕ್ಯಾಪಿಲರಿ ಎಲೆಕ್ಟ್ರೋಫೊರೆಸಿಸ್‌ನಲ್ಲಿ ಹರಿವು ತಿರುಗಿಸೋ ಬಗ್ಗೆ

ಕಾಳಿ_ದಂಡೆ (ಕಾರವಾರ)

ಎಲ್ಲರಿಗೂ ನಮಸ್ಕಾರ. ಎಂಎಸ್ಸಿ ಕೊನೇ ಸೆಮಿಸ್ಟರ್. ಅಂಕೋಲಾದಿಂದ ಗೋಕರ್ಣದ ತನಕ ಕಡಲಂಚಿನ ಊರುಗಳ ಬಾವಿ ನೀರು ತಂದು ಅದರಲ್ಲಿರೋ ಕ್ಲೋರೈಡ್, ನೈಟ್ರೇಟ್, ಸಲ್ಫೇಟ್, ಫ್ಲೋರೈಡ್ ಅಳೆಯೋದು ನನ್ನ ಪ್ರಾಜೆಕ್ಟು. ಅಯಾನ್ ಕ್ರೊಮ್ಯಾಟೋಗ್ರಾಫ್ ಇಲ್ಲ, ಕ್ಯಾಪಿಲರಿ ಎಲೆಕ್ಟ್ರೋಫೊರೆಸಿಸ್ ಮೆಷಿನ್ (ಸಣ್ಣ ನಳಿಕೆಯಲ್ಲಿ ವೋಲ್ಟೇಜ್ ಕೊಟ್ಟು ಅಯಾನುಗಳನ್ನ ಬೇರ್ಪಡಿಸೋದು) ಇದೆ, ಅದರಲ್ಲೇ ಮಾಡು ಅಂದಿದಾರೆ ಗೈಡ್. ಅವರು ಕೊಟ್ಟ ಹಾಳೆಯಲ್ಲಿ ಇರೋದು ಇಷ್ಟು: ಫ್ಯೂಸ್ಡ್ ಸಿಲಿಕಾ ಕ್ಯಾಪಿಲರಿ, ಒಳವ್ಯಾಸ 75 ಮೈಕ್ರಾನ್, ಒಟ್ಟು ಉದ್ದ 60 ಸೆಂ.ಮೀ., ಡಿಟೆಕ್ಟರ್ ತನಕ 50. ಸೋಡಿಯಂ ಕ್ರೋಮೇಟ್ 5 ಮಿಲಿಮೋಲಾರ್, ಪಿಎಚ್ 8. ಸಿಟಿಎಬಿ (ಸಾಬೂನಿನಂಥ, ಧನ ಚಾರ್ಜಿನ ವಸ್ತು) 0.5 ಮಿಲಿಮೋಲಾರ್. 20 ಕಿಲೋವೋಲ್ಟ್, ರಿವರ್ಸ್ ಪೊಲಾರಿಟಿ. 254 ನ್ಯಾನೋಮೀಟರ್.

ನನ್ನ ತಲೆಬಿಸಿ ಇದು. ಸಿಟಿಎಬಿ ಹಾಕೋದು ಎಲೆಕ್ಟ್ರೋ ಆಸ್ಮೋಟಿಕ್ ಹರಿವನ್ನ, ಅಂದ್ರೆ ವೋಲ್ಟೇಜ್ ಕೊಟ್ಟಾಗ ನಳಿಕೆಯೊಳಗಿನ ನೀರೇ ಹರಿಯೋದನ್ನ, ತಿರುಗಿಸೋಕೆ ಅಂತಾರೆ. ರಿವರ್ಸ್ ಪೊಲಾರಿಟಿ ಅಂದ್ರೂ ಅದೇ ತಾನೇ, ಪ್ಲಸ್ ಮೈನಸ್ ಅದಲುಬದಲು? ಎರಡು ಸಲ ತಿರುಗಿಸಿದ್ರೆ ಮತ್ತೆ ಮೊದಲಿನ ದಿಕ್ಕಿಗೇ ಬರ್ತೀವಲ್ಲ! ಒಂದೇ ಮಾಡಿದ್ರೆ ಸಾಲದಾ? ಪುಸ್ತಕದಲ್ಲಿ ಎರಡಕ್ಕೂ 'ರಿವರ್ಸ್' ಅಂತಲೇ ಬರೆದು ಮುಂದೆ ಹೋಗಿಬಿಟ್ಟಿದಾರೆ.

ಗಜನಿ_ಗದ್ದೆ (ಕುಮಟಾ)

ನಾನು ಕೆಮಿಸ್ಟ್ರಿಯವ ಅಲ್ಲ, ಪಿಯುಸಿಗೆ ಬಿಟ್ಟದ್ದು. ಆದ್ರೆ ಬಾವಿ ನೀರು ಅಂದ್ಮೇಲೆ ನಮ್ಮ ಮನೆ ವಿಷಯ. ಮೊದಲು ಒಂದು ಹೇಳಿ ಮಾರಾಯ್ರೆ, ಈ ಹರಿವು ಎಂತಕ್ಕೆ ಬರೂದು? ಪಂಪ್ ಉಂಟಾ ಅದ್ರಲ್ಲಿ?

ಬಫರ್_ಮಾಸ್ತರು (ಶಿರಸಿ)

ತಂಗಿ, ಹರಿವು ಎರಡು ಸಲ ತಿರುಗುತ್ತದೆ ಎಂದದ್ದು ಸರಿಯೇ. ಆದರೆ ಅಯಾನುಗಳು ಒಂದೇ ಸಲ ತಿರುಗುತ್ತವೆ. ಹಾಳೆಯಲ್ಲಿ ಆ ಎರಡೂ ಮಾತು ಇರುವುದು ಅದಕ್ಕಾಗಿಯೇ. ಗಜನಿಯವರ ಪ್ರಶ್ನೆಯಿಂದ ಶುರು ಮಾಡಿದರೆ ಬೇಗ ತಿಳಿಯುತ್ತದೆ.

ಪಂಪ್ ಇಲ್ಲ. ಕೂದಲೆಳೆಯಷ್ಟು ತೂತಿರುವ ಗಾಜಿನಂಥ ನಳಿಕೆ, ಎರಡು ತುದಿಯೂ ಬಫರ್ (ಪಿಎಚ್ ಹಿಡಿದಿಡುವ ಉಪ್ಪಿನ ದ್ರಾವಣ) ತುಂಬಿದ ಸಣ್ಣ ಸೀಸೆಗಳಲ್ಲಿ ಅದ್ದಿದೆ, ಆ ಸೀಸೆಗಳಲ್ಲಿ ಒಂದೊಂದು ಪ್ಲಾಟಿನಂ ತಂತಿ. ವೋಲ್ಟೇಜ್ ಕೊಟ್ಟರೆ ಒಳಗಿನ ನೀರು ತಾನಾಗಿ ನಡೆಯುತ್ತದೆ. ನಡೆಸುವುದು ಗೋಡೆ. ಸಿಲಿಕಾದ ಒಳಮೈ ತುಂಬ ಸಿಲನಾಲ್ ಗುಂಪುಗಳಿವೆ. ಪಿಎಚ್ 3ರ ಆಸುಪಾಸು ದಾಟುತ್ತಿದ್ದಂತೆ ಅವು ಪ್ರೋಟಾನ್ ಬಿಟ್ಟುಕೊಡುತ್ತ ಹೋಗುತ್ತವೆ. 8–9ರ ಹೊತ್ತಿಗೆ ಗೋಡೆ ಚೆನ್ನಾಗಿ ಋಣವಾಗಿರುತ್ತದೆ. ಋಣದ ಗೋಡೆಗೆ ಬಫರಿನ ಸೋಡಿಯಂ ಅಯಾನುಗಳು ಮುತ್ತಿಕೊಳ್ಳುತ್ತವೆ. ಕೆಲವು ಗೋಡೆಗೇ ಕಚ್ಚಿ ಕೂರುತ್ತವೆ, ಉಳಿದವು ಅದರಾಚೆ ಸಡಿಲವಾಗಿ ಓಡಾಡಿಕೊಂಡಿರುತ್ತವೆ. ಈ ಸಡಿಲ ಪದರಕ್ಕೆ ಕ್ಯಾಥೋಡ್, ಅಂದರೆ ಮೈನಸ್ ತಂತಿಯ ಕಡೆಗೆ ಎಳೆತ ಬೀಳುತ್ತದೆ. ಅಯಾನು ನಡೆಯುವಾಗ ಸುತ್ತಲಿನ ನೀರನ್ನೂ ಎಳೆದುಕೊಂಡೇ ನಡೆಯುತ್ತದೆ.

ಆ ಪದರದ ದಪ್ಪ ಎಷ್ಟು ಗೊತ್ತೇ? ಸೋಡಿಯಂ ಕ್ಲೋರೈಡಿನಂಥ ಉಪ್ಪು 10 ಮಿಲಿಮೋಲಾರ್ ಇದ್ದರೆ ಸುಮಾರು 3 ನ್ಯಾನೋಮೀಟರ್. ನಳಿಕೆಯ ವ್ಯಾಸ 75,000 ನ್ಯಾನೋಮೀಟರ್. ಅಂಚಿನ 3 ನ್ಯಾನೋಮೀಟರ್ ಹೊರಟರೆ ನಡುವಿನ ನೀರೆಲ್ಲ ಒಂದೆರಡು ಮಿಲಿಸೆಕೆಂಡಿನಲ್ಲಿ ಅದೇ ವೇಗಕ್ಕೆ ಬಂದುಬಿಡುತ್ತದೆ, ಏಕೆಂದರೆ ಎದುರಿನಿಂದ ತಳ್ಳುವ ಒತ್ತಡ ಯಾವುದೂ ಇಲ್ಲ. ನಾನು ಎಷ್ಟು ವರ್ಷ ಪಾಠ ಮಾಡಿದರೂ ಈ ಒಂದು ಸಂಗತಿ ಮಾತ್ರ ಹಳತಾಗಲಿಲ್ಲ.

ವಿಷಯ ಹೊಸದೇನಲ್ಲ. ಒದ್ದೆ ಜೇಡಿಮಣ್ಣಿನ ಮೂಲಕ ವಿದ್ಯುತ್ ಹಾಯಿಸಿದರೆ ನೀರು ಕ್ಯಾಥೋಡ್ ಕಡೆಗೆ ಸರಿಯುತ್ತದೆಂದು ಮಾಸ್ಕೋದಲ್ಲಿ ರಾಯ್ಸ್ 1809ರಲ್ಲೇ ಪ್ರಕಟಿಸಿದ್ದರು. ಅದಕ್ಕೆ ಗಣಿತ ಕೊಟ್ಟವರು 1879ರಲ್ಲಿ ಹೆಲ್ಮ್‌ಹೋಲ್ಟ್ಸ್, 1903ರಲ್ಲಿ ಸ್ಮೊಲುಕೋವ್ಸ್ಕಿ. 75 ಮೈಕ್ರಾನಿನ ನಳಿಕೆಯಲ್ಲಿ ಇದನ್ನೆಲ್ಲ ಕೂಡಿಸಿ ಬೇರ್ಪಡಿಸುವ ವಿಧಾನವಾಗಿ ತೋರಿಸಿದ್ದು ಜೋರ್ಗೆನ್‌ಸನ್ ಮತ್ತು ಲೂಕಾಕ್ಸ್, 1981. ಸೂತ್ರದ ಸಾರ ಇಷ್ಟೇ: ಹರಿವಿನ ವೇಗ ಗೋಡೆಯ ಹತ್ತಿರದ ಜೀಟಾ ವಿಭವದ (ಗೋಡೆಯ ಚಾರ್ಜಿನಿಂದ ಸಡಿಲ ಪದರದ ಅಂಚಿನಲ್ಲಿ ಉಂಟಾಗುವ ವೋಲ್ಟೇಜಿನ) ಮೇಲೆ ನಿಂತಿದೆ. ಜೀಟಾದ ಚಿಹ್ನೆ ಬದಲಾದರೆ ಹರಿವಿನ ದಿಕ್ಕು ಬದಲು. ನಳಿಕೆಯ ವ್ಯಾಸ ಸೂತ್ರದಲ್ಲಿ ಬರುವುದೇ ಇಲ್ಲ.

ಈಗ ನಿನ್ನ ಎರಡು ತಿರುವುಗಳು. ಪೊಲಾರಿಟಿ ಬದಲಿಸಿದರೆ ಹರಿವು, ಧನ ಅಯಾನು, ಋಣ ಅಯಾನು, ಮೂರೂ ಹಿಂದುಮುಂದಾಗುತ್ತವೆ. ಒಂದರ ಎದುರು ಇನ್ನೊಂದರ ಸ್ಥಿತಿ ಹಾಗೇ ಉಳಿಯುತ್ತದೆ. ಹರಿವು ಆಗಲೂ ಕ್ಯಾಥೋಡಿಗೇ ಹೋಗುತ್ತದೆ, ಕ್ಲೋರೈಡ್ ಆಗಲೂ ಆನೋಡಿಗೇ (ಪ್ಲಸ್ ತಂತಿಗೇ) ಹೋಗುತ್ತದೆ, ಇಬ್ಬರದೂ ಎದುರುಬದುರು ನಡಿಗೆ. ಸಿಟಿಎಬಿ ಹಾಗಲ್ಲ. ಅದು ಗೋಡೆಯ ಚಾರ್ಜನ್ನು ಮಾತ್ರ ಧನ ಮಾಡುತ್ತದೆ. ಕ್ಲೋರೈಡಿನ ತಂಟೆಗೆ ಹೋಗುವುದಿಲ್ಲ. ಗೋಡೆ ಧನವಾದರೆ ಸಡಿಲ ಪದರದಲ್ಲಿ ಋಣ ಅಯಾನುಗಳು ಸೇರುತ್ತವೆ, ಅವು ಆನೋಡ್ ಕಡೆ ನಡೆಯುತ್ತವೆ, ನೀರೂ ಆನೋಡ್ ಕಡೆ. ಆಗ ಕ್ಲೋರೈಡೂ ಹರಿವೂ ಒಂದೇ ದಾರಿ. ಮಾಮೂಲಿ ಪೊಲಾರಿಟಿಯಲ್ಲಿ ಡಿಟೆಕ್ಟರ್ ಕ್ಯಾಥೋಡಿನ ತುದಿಯಲ್ಲಿರುತ್ತದೆ. ಈಗ ಅದು ಆನೋಡಿನ ತುದಿಯಲ್ಲಿ ಇರಬೇಕಲ್ಲ, ಅದಕ್ಕೇ ಪೊಲಾರಿಟಿಯನ್ನೂ ಬದಲಿಸುವುದು.

ಗಜನಿ_ಗದ್ದೆ

ಈಗ ಸ್ವಲ್ಪ ತಲೆಗೆ ಹೋಯ್ತು. ನಮ್ಮ ಅಘನಾಶಿನಿ ಅಳಿವೆಯಲ್ಲಿ ಇಳಿತದ ಹೊತ್ತಿಗೆ ದೋಣಿ ಒಳಗೆ ತರೂದು ಅಂದ್ರೆ ಜೀವ ಹೋಗ್ತದೆ. ಭರತ ಹತ್ತಿದ್ಮೇಲೆ ಬಂದ್ರೆ ಹುಟ್ಟು ಮುಟ್ಟದಿದ್ರೂ ದಡಕ್ಕೆ ತಾನೇ ಬರ್ತದೆ. ಕ್ಲೋರೈಡು ದೋಣಿ, ಈ ನಿಮ್ಮ ಸಾಬೂನು ಭರತ. ಹೌದ್ರಾ?

ಬಫರ್_ಮಾಸ್ತರು

ದಿಕ್ಕಿನ ಮಟ್ಟಿಗೆ ಹೌದು, ಒಪ್ಪುತ್ತೇನೆ. ಆದರೆ ಒಂದು ಕಡೆ ಈ ದೋಣಿ ಮುಗ್ಗರಿಸುತ್ತದೆ. ಹೊಳೆಯಲ್ಲಿ ನಡುನೀರು ಜೋರು, ದಂಡೆಯ ಹತ್ತಿರ ನಿಧಾನ. ಒತ್ತಡದಿಂದ ತಳ್ಳಿದ ನೀರೆಲ್ಲ ಹಾಗೇ, ಪಂಪಿನಿಂದ ದ್ರವ ತಳ್ಳಿ ಬೇರ್ಪಡಿಸುವ ಎಚ್‌ಪಿಎಲ್‌ಸಿ ಯಂತ್ರದ ಕೊಳವೆಯಲ್ಲೂ ಹಾಗೇ. ಇಲ್ಲಿ ದಂಡೆಯೇ ನೀರನ್ನು ನಡೆಸುವುದು, ಹಾಗಾಗಿ ಆಚೆಯಿಂದ ಈಚೆಯವರೆಗೆ ಒಂದೇ ವೇಗ. ಒಟ್ಟಿಗೆ ಹೊರಟ ಅಯಾನುಗಳ ತಂಡ ಹರಿವಿನಿಂದಾಗಿ ಚೆದುರುವುದಿಲ್ಲ. ಪೀಕ್ (ಡಿಟೆಕ್ಟರಿನ ಗ್ರಾಫಿನಲ್ಲಿ ಆ ತಂಡದ ಗುರುತು) ಅಷ್ಟು ಚೂಪಾಗಿ ಬರುವ ಗುಟ್ಟು ಅದೇ.

ಕಾಳಿ_ದಂಡೆ

ಮಾಸ್ತರೆ, ತುಂಬ ಧನ್ಯವಾದ. ಅರ್ಥ ಆಯ್ತು ಅನ್ನಿಸ್ತಿದೆ, ಆದ್ರೆ ವೈವಾದಲ್ಲಿ "ಸಿಟಿಎಬಿ ಇಲ್ಲದೆ ಬರೀ ಪೊಲಾರಿಟಿ ಬದಲಿಸಿದ್ರೆ ಏನಾಗುತ್ತೆ" ಅಂತ ಕೇಳಿದ್ರೆ ಅಂಕಿ ಇಟ್ಟು ಹೇಳೋಕಾಗಬೇಕು.

ಬಫರ್_ಮಾಸ್ತರು

ಹಾಗಾದರೆ ಪೆನ್ನು ತೆಗೆದುಕೋ. ಚಲನಶೀಲತೆಯ (ಮೀಟರಿಗೆ ಒಂದು ವೋಲ್ಟ್ ಇದ್ದಾಗಿನ ವೇಗದ) ಅಂಕಿಗಳನ್ನೆಲ್ಲ 10ರ ಮೈನಸ್ 9ನೇ ಘಾತ, ಚದರ ಮೀಟರ್ ಪ್ರತಿ ವೋಲ್ಟ್-ಸೆಕೆಂಡ್ ಎಂದು ಓದಿಕೊಳ್ಳಬೇಕು. ಕ್ಲೋರೈಡ್ 79, ನೈಟ್ರೇಟ್ 74, ಫ್ಲೋರೈಡ್ 57, ಅಸಿಟೇಟ್ 42. ಬರಿಯ ಸಿಲಿಕಾದಲ್ಲಿ ಪಿಎಚ್ 8ಕ್ಕೆ ಹರಿವು 50 ಎಂದಿಟ್ಟುಕೊಳ್ಳೋಣ. 60 ಸೆಂ.ಮೀ.ಗೆ 20 ಕಿಲೋವೋಲ್ಟ್ ಅಂದರೆ ಮೀಟರಿಗೆ 33,333 ವೋಲ್ಟ್.

ಮಾಮೂಲಿ ಪೊಲಾರಿಟಿ, ಸಿಟಿಎಬಿ ಇಲ್ಲ: ಹರಿವು ಡಿಟೆಕ್ಟರ್ ಕಡೆಗೆ ಸೆಕೆಂಡಿಗೆ 1.67 ಮಿ.ಮೀ. ಕ್ಲೋರೈಡ್ ಅದರ ಎದುರಿಗೆ 2.63 ಮಿ.ಮೀ. ಕ್ಲೋರೈಡ್ ಗೆದ್ದು ಸೀಸೆಗೇ ವಾಪಸು ಹೋಗುತ್ತದೆ. ಸಂಜೆಯವರೆಗೆ ಕೂತರೂ ಪೀಕ್ ಇಲ್ಲ.

ಪೊಲಾರಿಟಿ ಮಾತ್ರ ಬದಲು: ಈಗ ಕ್ಲೋರೈಡ್ ಡಿಟೆಕ್ಟರ್ ಕಡೆ ಹೊರಟಿದೆ, ಹರಿವು ಎದುರಿಗಿದೆ. 79ರಲ್ಲಿ 50 ಕಳೆದರೆ 29. ಎಂಟೂವರೆ ನಿಮಿಷಕ್ಕೆ ಬರುತ್ತದೆ. ಪರವಾಗಿಲ್ಲ. ಫ್ಲೋರೈಡಿಗೆ ಉಳಿಯುವುದು 7. ಅದು ಬರಲು 36 ನಿಮಿಷ ಬೇಕು, ಅಷ್ಟರಲ್ಲಿ ಪೀಕ್ ಅಗಲವಾಗಿ ಬೇಸ್‌ಲೈನಿನಲ್ಲಿ ಕರಗಿಹೋಗಿರುತ್ತದೆ. ಅಸಿಟೇಟಿಗೆ ಮೈನಸ್ 8, ಅದು ಬರುವುದೇ ಇಲ್ಲ.

ಎರಡೂ ಬದಲು, ತಿರುಗಿದ ಹರಿವು 40 ಎಂದಿಟ್ಟುಕೊಂಡರೆ: ಕ್ಲೋರೈಡ್ 119, ಎರಡು ನಿಮಿಷದ ಆಸುಪಾಸು. ಫ್ಲೋರೈಡ್ 97, ಎರಡೂವರೆ ನಿಮಿಷ. ಅಸಿಟೇಟ್ 82, ಮೂರು ನಿಮಿಷ. ಚಾರ್ಜ್ ಇಲ್ಲದ ನೀರಿನ ತಗ್ಗು (ಹರಿವಿನ ಜೊತೆಗಷ್ಟೇ ಸಾಗಿ ಬರುವ ಮಾದರಿಯ ನೀರು ಗ್ರಾಫಿನಲ್ಲಿ ಮೂಡಿಸುವ ಕುಳಿ) ಆರು ಚಿಲ್ಲರೆ ನಿಮಿಷಕ್ಕೆ. ಧನ ಅಯಾನುಗಳಲ್ಲಿ ಸೋಡಿಯಂ, ಪೊಟ್ಯಾಸಿಯಂನಂಥವು ಹರಿವನ್ನೂ ಮೀರಿ ಹಿಂದಕ್ಕೆ ಹೋಗುವುದರಿಂದ ನಿನ್ನ ಕಣ್ಣಿಗೆ ಬೀಳುವುದಿಲ್ಲ.

ಒಂದು ಬೆಲೆಯನ್ನೂ ತೆರಬೇಕು. ನೈಟ್ರೇಟ್–ಕ್ಲೋರೈಡ್ ನಡುವಿನ ಅಂತರ 5 ಮಾತ್ರ. ಹರಿವು ಎದುರಿಗಿದ್ದಾಗ ಅವು ಒಂದನ್ನೊಂದು ಬಿಡಿಸಿಕೊಳ್ಳಲು ಸಮಯ ಜಾಸ್ತಿ ಸಿಗುತ್ತದೆ. ಹರಿವು ಜೊತೆಗೂಡಿದಾಗ ಎಲ್ಲರೂ ಬೇಗ ಬಂದುಬಿಡುತ್ತಾರೆ, ಮಧ್ಯದ ಜಾಗ ಕಿರಿದಾಗುತ್ತದೆ. ಅದಕ್ಕೇ ಹರಿವನ್ನು ವಿಪರೀತ ಜೋರು ಮಾಡುವುದೂ ಒಳ್ಳೆಯದಲ್ಲ.

ಹೊನ್ನಾವರದ_ಅಕ್ಕೋರು (ಹೊನ್ನಾವರ)

ಮಾಸ್ತರು ಗೋಡೆ ಧನವಾಗುತ್ತದೆ ಎಂದು ಒಂದೇ ಮಾತಿನಲ್ಲಿ ದಾಟಿಸಿಬಿಟ್ಟರು. ನಮ್ಮ ಮಕ್ಕಳು ಎಡವುವುದು ಅಲ್ಲಿಯೇ. ಒಂದು ಸಿಟಿಎಬಿ ಅಣುವಿಗೆ ಒಂದು ಧನ ತಲೆ, ಹದಿನಾರು ಕಾರ್ಬನ್ನಿನ ಒಂದು ಬಾಲ. ತಲೆ ಹೋಗಿ ಋಣದ ಸಿಲನಾಲ್‌ಗೆ ಅಂಟಿಕೊಂಡರೆ ಪ್ಲಸ್ಸೂ ಮೈನಸ್ಸೂ ವಜಾ. ಗೋಡೆ ಸೊನ್ನೆಯಾಗುತ್ತದೆ ಅಷ್ಟೇ, ಧನವಾಗುವುದಿಲ್ಲ. ಆಗ ಹರಿವು ನಿಲ್ಲಬೇಕು, ತಿರುಗಬಾರದು.

ತಿರುಗುವುದು ಎರಡನೆಯ ಪದರದಿಂದ. ಮೊದಲ ಪದರದ ಬಾಲಗಳು ನೀರಿನ ಕಡೆಗೆ ಚಾಚಿಕೊಂಡಿರುತ್ತವೆ, ನೀರಿಗೂ ಎಣ್ಣೆಬಾಲಕ್ಕೂ ಆಗಿಬರುವುದಿಲ್ಲ. ಹಾಗಾಗಿ ದ್ರಾವಣದಲ್ಲಿರುವ ಇನ್ನಷ್ಟು ಸಿಟಿಎಬಿ ಅಣುಗಳು ಬಾಲಕ್ಕೆ ಬಾಲ ಸೇರಿಸಿ ಕೂರುತ್ತವೆ, ಅವುಗಳ ಧನ ತಲೆಗಳು ಈಗ ನೀರಿನ ಕಡೆ. ಸಿಟಿಎಬಿಯನ್ನು ಸ್ವಲ್ಪಸ್ವಲ್ಪವಾಗಿ ಹೆಚ್ಚಿಸುತ್ತ ಹರಿವನ್ನು ಅಳೆದರೆ ಇದು ಚಂದ ಕಾಣುತ್ತದೆ: ಹರಿವು ಮೊದಲು ಕುಗ್ಗುತ್ತದೆ, ಸೊನ್ನೆ ಮುಟ್ಟುತ್ತದೆ, ಆಮೇಲೆ ಆಚೆ ಬದಿಗೆ ಏರಿ ಒಂದು ಮಟ್ಟದಲ್ಲಿ ನಿಲ್ಲುತ್ತದೆ. ಬರಿಯ ನೀರಿನಲ್ಲಿ ಸಿಟಿಎಬಿ ಮಿಸೆಲ್ (ಬಾಲಗಳು ಒಳಗೆ, ತಲೆಗಳು ಹೊರಗೆ ಇರುವ ಅಣುಗಳ ಉಂಡೆ) ಕಟ್ಟುವುದು ಸುಮಾರು 0.9 ಮಿಲಿಮೋಲಾರಿಗೆ. ಹರಿವು ತಿರುಗುವುದು ಅದಕ್ಕಿಂತ ಕೆಳಗೇ. 0.5 ಎಂಬ ಅಂಕಿ ಬಂದದ್ದು ಹಾಗೆ: ಗೋಡೆ ತುಂಬಬೇಕು, ದ್ರಾವಣದಲ್ಲಿ ಮಿಸೆಲ್ ಆಗಬಾರದು. ಮಿಸೆಲ್ ಆದರೆ ಋಣ ಅಯಾನುಗಳು ಅವುಗಳ ಜೊತೆಗೂ ಸೇರಿಕೊಂಡು ಬೇರೆಯದೇ ರಾಗ ಶುರುವಾಗುತ್ತದೆ.

ಇನ್ನೊಂದು. ಎರಡು ಪದರ ಎಂದು ಬೋರ್ಡ್ ಮೇಲೆ ಗೆರೆ ಎಳೆದ ಹಾಗೆ ಗೋಡೆಯಲ್ಲಿ ಇರುವುದಿಲ್ಲ. ಅಟಾಮಿಕ್ ಫೋರ್ಸ್ ಮೈಕ್ರೋಸ್ಕೋಪಿನಲ್ಲಿ ನೋಡಿದವರಿಗೆ ಸಿಲಿಕಾ ಮೇಲೆ ಕಂಡದ್ದು ಬಿಡಿಬಿಡಿಯಾಗಿ ಕೂತ ಮಿಸೆಲ್‌ನಂಥ ಗುಂಪುಗಳು, ನಡುವೆ ಬರಿಯ ಗೋಡೆಯೂ ಉಂಟು. ಎರಡು ಬಾಲದ ಡಿಡಿಎಬಿ ಮಾತ್ರ ಚಪ್ಪಟೆ ಎರಡು ಪದರವಾಗಿ ಹಾಸಿಕೊಳ್ಳುತ್ತದೆ, ಬಿಗಿಯಾಗಿಯೂ ಹಿಡಿಯುತ್ತದೆ. ಅದನ್ನು ಹಾಯಿಸಿ, ಉಳಿದದ್ದನ್ನು ತೊಳೆದು, ಬಫರಿನಲ್ಲಿ ಅದಿಲ್ಲದೆಯೇ ಕೆಲವು ರನ್ ಮಾಡಬಹುದು. ಸಿಟಿಎಬಿ ಹಾಗಲ್ಲ, ಬಫರಿನಲ್ಲಿ ಇಲ್ಲದಿದ್ದರೆ ಗೋಡೆ ಬಿಟ್ಟು ಹೋಗುತ್ತದೆ.

ಬಫರ್_ಮಾಸ್ತರು

ಅಕ್ಕೋರು ಹೇಳಿದ್ದು ನಿಜ. ಆದರೂ ಬಿಎಸ್ಸಿ ಮಕ್ಕಳಿಗೆ ಎರಡು ಪದರದ ಚಿತ್ರವೇ ಇರಲಿ ಎನ್ನುವವನು ನಾನು. ಮೈಕ್ರೋಸ್ಕೋಪಿನ ಚಿತ್ರ ತೋರಿಸಿದರೆ ಹರಿವಿನ ದಿಕ್ಕು ಮರೆತು ಚಿತ್ರ ಮಾತ್ರ ನೆನಪಿಟ್ಟುಕೊಳ್ಳುತ್ತಾರೆ.

ಹೊನ್ನಾವರದ_ಅಕ್ಕೋರು

ಅದಕ್ಕೆ ನಾನು ಒಪ್ಪುವುದಿಲ್ಲ, ಇರಲಿ.

ಕಾಳಿ_ದಂಡೆ, ವೈವಾದಲ್ಲಿ ಇದನ್ನೂ ಕೇಳಬಹುದು: ಆಮ್ಲ ಹಾಕಿ ಗೋಡೆಯ ಋಣ ತೆಗೆದರಾಯಿತಲ್ಲ, ಸಿಟಿಎಬಿ ಯಾಕೆ? ಉತ್ತರ: ಪಿಎಚ್ 2.5ಕ್ಕೆ ಇಳಿಸಿದರೆ ಹರಿವು ಹೆಚ್ಚುಕಡಿಮೆ ನಿಂತೇಹೋಗುತ್ತದೆ. ಕ್ಲೋರೈಡ್, ನೈಟ್ರೇಟ್ ತಮ್ಮ ಕಾಲಮೇಲೆ ನಡೆದು ಮೂರು ಚಿಲ್ಲರೆ ನಿಮಿಷಕ್ಕೆ ಬರುತ್ತವೆ. ಆದರೆ ಫ್ಲೋರೈಡಿನ ಪಿಕೆಎ (ಅರ್ಧ ಪಾಲು ಪ್ರೋಟಾನ್ ಹಿಡಿದಿರುವ ಪಿಎಚ್) 3.2, 2.5ರಲ್ಲಿ ಅದು ಬಹುಪಾಲು ಎಚ್‌ಎಫ್ ಆಗಿರುತ್ತದೆ, ಚಾರ್ಜ್ ಇಲ್ಲ, ನಡೆಯುವುದಿಲ್ಲ. ಅಸಿಟೇಟೂ ಹಾಗೇ. ಆಮ್ಲದಿಂದ ಹರಿವನ್ನು ನಿಲ್ಲಿಸಬಹುದು. ತಿರುಗಿಸಬೇಕೆಂದರೆ ಗೋಡೆಗೆ ಧನದ ಹೊದಿಕೆಯೇ ಬೇಕು. ಪಾಲಿಬ್ರೀನ್‌ನಂಥ ಧನ ಪಾಲಿಮರ್ ಹಾಕಿದರೂ ಆದೀತು, ಪ್ರೋಟೀನಿನವರು ಹೆಚ್ಚಾಗಿ ಅದನ್ನೇ ಹಾಕುತ್ತಾರೆ. ಧನ ಚಾರ್ಜಿನ ಪ್ರೋಟೀನುಗಳು ಋಣದ ಗೋಡೆಗೆ ಕಚ್ಚಿಕೊಂಡು ಸತಾಯಿಸುತ್ತವಲ್ಲ, ಗೋಡೆಯೇ ಧನವಾದರೆ ಆ ಕಾಟ ತಪ್ಪುತ್ತದೆ.

ಮೂವತ್ತು_ಕಿಲೋವೋಲ್ಟ್ (ಊರು ಅಂಕೋಲಾ, ಸದ್ಯ ಬೆಂಗಳೂರು)

ಥಿಯರಿ ಎಲ್ಲ ಸೊಗಸಾಗಿದೆ. ನಾನು ಇಂಥ ಮೆಷಿನ್‌ಗಳ ಸರ್ವಿಸ್ ಮಾಡೋನು, ಕೈಕೆಲಸದ ಮಾತು ಹೇಳ್ತೀನಿ.

ಸಾಫ್ಟ್‌ವೇರ್‌ನಲ್ಲಿ ರಿವರ್ಸ್ ಪೊಲಾರಿಟಿ ಕೆಲವು ಕಡೆ ಒಂದು ಬಟನ್, ಕೆಲವು ಕಡೆ ವೋಲ್ಟೇಜಿನ ಮುಂದೆ ಮೈನಸ್. ಮೆಥಡ್ ಸೇವ್ ಮಾಡಿದ ಮೇಲೆ ಒಂದ್ಸಲ ತೆರೆದು ಮೈನಸ್ ಉಳಿದಿದೆಯಾ ನೋಡಿ. ಆಮೇಲೆ ಕರೆಂಟು. ನಿಮ್ಮ ಬಫರ್, ನಿಮ್ಮ ನಳಿಕೆಗೆ 20 ಕಿಲೋವೋಲ್ಟಿನಲ್ಲಿ 15–20 ಮೈಕ್ರೋಆಂಪ್ ಬರಬೇಕು. ಸೊನ್ನೆ ಇದ್ರೆ ಒಳಗೆ ಗುಳ್ಳೆ. ಸಿಟಿಎಬಿ ನೊರೆ ಬರೋ ಸಾಮಾನು, ಬಾಟಲಿ ಅಲ್ಲಾಡಿಸಬೇಡಿ, ಮೆಲ್ಲಗೆ ತಿರುಗಿಸಿ ಕರಗಿಸಿ, ಫಿಲ್ಟರ್ ಮಾಡಿ, ಸೋನಿಕೇಟರಿನಲ್ಲಿ ಗಾಳಿ ತೆಗೆಯಿರಿ. 100 ಮಿ.ಲೀ.ಗೆ ಬೇಕಾಗೋದು 18 ಮಿ.ಗ್ರಾಂ. ಅಷ್ಟೇ, ಹೊಸದಾಗಿ ಕೊಳ್ಳೋ ಮೊದಲು ಪಕ್ಕದ ಬಯಾಲಜಿ ಲ್ಯಾಬಿನಲ್ಲಿ ಕೇಳಿ. ಗಿಡದ ಡಿಎನ್‌ಎ ತೆಗೆಯೋರ ಹತ್ರ ಇದರ ಡಬ್ಬಿ ಇದ್ದೇ ಇರುತ್ತೆ.

ಈಗ ಕಾರವಾರದ ವಿಷಯ. ಮಳೆಗಾಲದಲ್ಲಿ ಆ ಹವೆಗೆ ಸೀಸೆಯ ಮುಚ್ಚಳ, ಎಲೆಕ್ಟ್ರೋಡಿನ ಬುಡ ಎಲ್ಲ ಪಸೆ ಹಿಡಿಯುತ್ತೆ. ಉಪ್ಪಿನಂಶ ಇರೋ ಪಸೆ ಮೇಲೆ 20–30 ಕಿಲೋವೋಲ್ಟ್ ಸುಮ್ಮನಿರಲ್ಲ, ಮುಚ್ಚಳದ ಮೇಲಿಂದ ಹಾರುತ್ತೆ, ಮೆಷಿನ್ ಟ್ರಿಪ್ ಆಗುತ್ತೆ. ಮುಚ್ಚಳ, ಎಲೆಕ್ಟ್ರೋಡ್ ಸುತ್ತ ಡಿಸ್ಟಿಲ್ಡ್ ವಾಟರಿನಿಂದ ಒರೆಸಿ, ಒಣಬಟ್ಟೆಯಿಂದ ಮತ್ತೆ ಒರೆಸಿ. ಎಸಿ ಹಾಕಿ ರೂಮು ಒಣಗಿಸ್ಲೇಬೇಕು.

ಎಸಿ ಹಾಕಿದ್ರೆ ಇನ್ನೊಂದು ತಾಪತ್ರಯ! ಸಿಟಿಎಬಿಯ ಕ್ರಾಫ್ಟ್ ತಾಪಮಾನ (ಅದಕ್ಕಿಂತ ತಣ್ಣಗಾದ್ರೆ ಸರಿಯಾಗಿ ಕರಗಲ್ಲ) 25 ಡಿಗ್ರಿ ಆಸುಪಾಸು. ರೂಮು 20ಕ್ಕೆ ಇಳಿದ್ರೆ ಸ್ಟಾಕ್ ಬಾಟಲಿಯ ತಳದಲ್ಲಿ ಬಿಳಿ ಸೂಜಿ ಸೂಜಿ ಹರಳು ಕಟ್ಟುತ್ತೆ. ಮೇಲಿನ ತಿಳಿ ಎಷ್ಟು ಮಿಲಿಮೋಲಾರ್ ಅಂತ ಆಗ ಯಾರಿಗೂ ಗೊತ್ತಿರಲ್ಲ, ಹರಿವು ದಿನಕ್ಕೊಂದು ಥರ. ಅದಕ್ಕೇ ನಾನು ಕೇಳಿದೋರಿಗೆಲ್ಲ ಹೇಳೋದು ಸಿಟಿಎಬಿ ಬದಲು ಅದರದೇ ಜಾತಿಯ ಟಿಟಿಎಬಿ ತಗೊಳ್ಳಿ ಅಂತ. ಬಾಲದಲ್ಲಿ ಎರಡು ಕಾರ್ಬನ್ ಕಮ್ಮಿ, ತಂಪಿನಲ್ಲೂ ಕರಗಿಯೇ ಇರುತ್ತೆ, ಮಿಸೆಲ್ ಕಟ್ಟೋಕೆ 3.5 ಮಿಲಿಮೋಲಾರ್ ದಾಟಬೇಕು. ಸ್ಯಾವ್ಲಾನಿನಲ್ಲಿರೋ ಸೆಟ್ರಿಮೈಡ್‌ನಲ್ಲಿ ಹೆಚ್ಚಿನ ಪಾಲು ಇದೇ. ಹಾಗಂತ ಸ್ಯಾವ್ಲಾನ್ ಸುರಿಯೋಕೆ ಹೋಗಬೇಡಿ, ಅದರಲ್ಲಿ ಕ್ಲೋರ್‌ಹೆಕ್ಸಿಡಿನ್ ಕೂಡ ಇದೆ.

ಸಿಟಿಎಬಿ ಹಾಯಿಸಿದ ನಳಿಕೆಗೆ ಹೆಸರು ಚೀಟಿ ಹಚ್ಚಿ ಬೇರೆ ಇಡಿ. ಮುಂದೆ ಯಾರಾದ್ರೂ ಅದರಲ್ಲಿ ಎಸ್‌ಡಿಎಸ್ (ಋಣ ಚಾರ್ಜಿನ ಸಾಬೂನು) ಹಾಯಿಸಿದ್ರೆ ಎರಡೂ ಸೇರಿ ಗಷ್ಟು ಕಟ್ಟಿಕೊಳ್ಳುತ್ತೆ.

ಕೊನೇದಾಗಿ ಕ್ರೋಮೇಟ್. ಅದು ಹೆಕ್ಸಾವೇಲೆಂಟ್ ಕ್ರೋಮಿಯಂ, ಕ್ಯಾನ್ಸರ್ ತರೋ ವಸ್ತು. ಕೈಗವಸು ಹಾಕಿ. ಬಾವಿ ನೀರು ಪರೀಕ್ಷೆ ಮಾಡಿ ಕ್ರೋಮೇಟನ್ನ ಸಿಂಕಿಗೆ ಸುರಿಯೋದು ಯಾವ ನ್ಯಾಯ? ಕ್ಯಾನಿನಲ್ಲಿ ಸಂಗ್ರಹಿಸಿ ವೇಸ್ಟಿಗೆ ಕೊಡಿ.

ಗಜನಿ_ಗದ್ದೆ

ಕ್ಲೋರೈಡಿಗೆ ಬಣ್ಣ ಇಲ್ಲ, ಉಪ್ಪಿಗೆ ಬಣ್ಣ ಇಲ್ಲ. ಬೆಳಕು ಹಾಯ್ಸಿ ಅದನ್ನ ಹೆಂಗೆ ನೋಡೂದು?

ಹೊನ್ನಾವರದ_ಅಕ್ಕೋರು

ಕಾಣದೇ ಇರುವುದರಿಂದಲೇ ಕಾಣುತ್ತದೆ! ಬಫರಿನ ಕ್ರೋಮೇಟ್ 254 ನ್ಯಾನೋಮೀಟರಿನ ಬೆಳಕನ್ನು ಸದಾ ಹೀರುತ್ತಿರುತ್ತದೆ. ಕ್ಲೋರೈಡ್ ಬಂದ ಜಾಗದಲ್ಲಿ ಚಾರ್ಜ್ ಸರಿದೂಗಬೇಕಾದ್ದರಿಂದ ಅಷ್ಟು ಕ್ರೋಮೇಟ್ ಹೊರಗೆ. ಅಲ್ಲಿ ಬೆಳಕು ಜಾಸ್ತಿ ದಾಟುತ್ತದೆ, ಗ್ರಾಫ್ ಕೆಳಗಿಳಿಯುತ್ತದೆ, ಅದನ್ನು ತಲೆಕೆಳಗು ಮಾಡಿ ಪೀಕ್ ಅನ್ನುತ್ತೇವೆ. ಕ್ರೋಮೇಟನ್ನೇ ಆರಿಸಿದ್ದು ಅದರ ನಡಿಗೆಯ ವೇಗವೂ ಕ್ಲೋರೈಡ್, ಸಲ್ಫೇಟುಗಳ ವೇಗವೂ ಹತ್ತಿರಹತ್ತಿರ ಇರುವುದರಿಂದ. ವೇಗ ಹೊಂದದಿದ್ದರೆ ಪೀಕ್ ಓರೆಯಾಗುತ್ತದೆ. ನಿಧಾನದ ಸಾವಯವ ಆಮ್ಲಗಳಿಗೆ ಥಾಲೇಟ್ ಅಥವಾ ಪಿರಿಡಿನ್ ಡೈಕಾರ್ಬಾಕ್ಸಿಲಿಕ್ ಆಮ್ಲ ವಾಸಿ.

ಕಾಳಿ_ದಂಡೆ

ಎಲ್ಲರಿಗೂ ಧನ್ಯವಾದ. ಟಿಟಿಎಬಿ ಸಿಕ್ತು, ಸ್ಟ್ಯಾಂಡರ್ಡ್ ರನ್ ಮಾಡಿದೆ. ಕ್ಲೋರೈಡ್ ಎರಡು ನಿಮಿಷ ದಾಟುತ್ತಿದ್ದಂತೆ ಬಂತು, ಹಿಂದೆಯೇ ಸಲ್ಫೇಟ್, ನೈಟ್ರೇಟ್, ಸ್ವಲ್ಪ ಬಿಟ್ಟು ಫ್ಲೋರೈಡ್. ಮಾಸ್ತರ ಲೆಕ್ಕದ ಕ್ರಮವೇ. ಟಿಟಿಎಬಿ ಇಲ್ಲದ ಬಫರ್ ಹಾಕಿ ಅದೇ ಪೊಲಾರಿಟಿಯಲ್ಲಿ ಓಡಿಸಿದ್ದನ್ನ ಪಕ್ಕದಲ್ಲಿಟ್ಟು ಪ್ರಿಂಟ್ ತೆಗೆದಿದೀನಿ, ಥೀಸಿಸ್‌ಗೆ ಹಾಕ್ತೀನಿ.

ಆದ್ರೆ ನಿಜವಾದ ಬಾವಿ ನೀರು ಬೇರೆ ಕಥೆ. ಮೇ ತಿಂಗಳ ಮಾದರಿಗಳಲ್ಲಿ ಕ್ಲೋರೈಡ್ ಪೀಕ್ ಎಷ್ಟು ದಪ್ಪ ಅಂದ್ರೆ ನೈಟ್ರೇಟ್ ಅದರ ಬಾಲದೊಳಗೆ ಮುಳುಗಿಹೋಗ್ತಿದೆ.

ಗಜನಿ_ಗದ್ದೆ

ಮೇ ತಿಂಗಳಲ್ಲಿ ನಮ್ಮ ಬದಿ ಬಾವಿ ನೀರಿಗೆ ಸಾರು ಮಾಡುವಾಗ ಉಪ್ಪು ಕಮ್ಮಿ ಹಾಕ್ಬೇಕು, ಹಂಗಿರ್ತದೆ. ಗಜನಿಯಲ್ಲಿ (ಅಳಿವೆ ಬದಿಯ ಉಪ್ಪುನೀರಿನ ಗದ್ದೆಯಲ್ಲಿ) ಕಗ್ಗ ಭತ್ತ ಬೆಳಿಯೋರಿಗೆ ಉಪ್ಪು ನೀರು ಹೊಸದಲ್ಲ, ಆದ್ರೆ ಕುಡಿಯೂಕೆ ಬೇಕಲ್ಲ ಮಾರಾಯ್ರೆ.

ಬಫರ್_ಮಾಸ್ತರು

ಗಜನಿಯವರು ಹೇಳಿದ ಉಪ್ಪಿಗೆ ಸಮುದ್ರ ಬಹಳವೇನೂ ಬರಬೇಕಾಗಿಲ್ಲ. ಕಡಲ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ ಸುಮಾರು 19,000 ಮಿ.ಗ್ರಾಂ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಒಪ್ಪುವ ಮಿತಿ 250, ಬೇರೆ ನೀರೇ ಇಲ್ಲದಿದ್ದರೆ 1,000ದವರೆಗೆ. ಬಾವಿಗೆ ನೂರಕ್ಕೆ ಒಂದೂಕಾಲು ಪಾಲಿನಷ್ಟು ಕಡಲು ಸೇರಿದರೆ 250 ಮುಟ್ಟಿತು. ನೈಟ್ರೇಟಿಗೆ ಮಿತಿ 45, ಅದಕ್ಕೆ ಯಾವ ರಿಯಾಯಿತಿಯೂ ಇಲ್ಲ.

ತಂಗಿ, ಮೊದಲು ಮಾದರಿಯನ್ನು ಐವತ್ತು ಪಟ್ಟು ತೆಳು ಮಾಡಿ ಕ್ಲೋರೈಡ್ ಅಳೆ. ನೈಟ್ರೇಟಿಗೆ ಬೇರೆಯೇ ರನ್ ಇಟ್ಟುಕೋ. ನೈಟ್ರೇಟ್ ತಾನೇ 214 ನ್ಯಾನೋಮೀಟರ್ ಹತ್ತಿರ ಬೆಳಕು ಹೀರುತ್ತದೆ, ಕ್ಲೋರೈಡ್ ಹೀರುವುದಿಲ್ಲ. ಕ್ರೋಮೇಟ್ ತೆಗೆದು ಸೋಡಿಯಂ ಕ್ಲೋರೈಡನ್ನೇ ಬಫರಿನ ಉಪ್ಪು ಮಾಡಿದರೆ ಮಾದರಿಯ ಕ್ಲೋರೈಡ್ ಬಫರಿನೊಳಗೆ ಬೆರೆತು ಕಾಣದಾಗುತ್ತದೆ, ನೈಟ್ರೇಟ್ ಒಂಟಿಯಾಗಿ ನಿಲ್ಲುತ್ತದೆ. ಸಮುದ್ರದ ನೀರಿನಲ್ಲೇ ನೈಟ್ರೇಟ್ ಅಳೆಯುವವರು ಕೃತಕ ಸಮುದ್ರನೀರನ್ನೇ ಬಫರಾಗಿ ಬಳಸಿದ್ದಾರೆ, ಹರಿವು ತಿರುಗಿಸಲು ಸಿಟಿಎಬಿಯ ಕ್ಲೋರೈಡ್ ರೂಪ ಹಾಕಿ.

ಮೂವತ್ತು_ಕಿಲೋವೋಲ್ಟ್

ಮಾಸ್ತರ ಮಾತಿಗೆ ಒಂದು ಎಚ್ಚರಿಕೆ: ಉಪ್ಪು ಜಾಸ್ತಿಯಾದಷ್ಟೂ ಕರೆಂಟು ಜಾಸ್ತಿ. ಸಮುದ್ರನೀರಿನಷ್ಟು ಉಪ್ಪಿಗೆ 75 ಮೈಕ್ರಾನ್ ನಳಿಕೆಯಲ್ಲಿ 20 ಕಿಲೋವೋಲ್ಟ್ ಕೊಟ್ರೆ ನೂರಾರು ಮೈಕ್ರೋಆಂಪ್ ಹರಿದು ಬಫರ್ ಕುದಿಯುತ್ತೆ. 50 ಮೈಕ್ರಾನಿಗೆ ಬನ್ನಿ, ವೋಲ್ಟೇಜ್ ಇಳಿಸಿ.

ಇನ್ನೊಂದು. ನಿಮ್ಮ ಗೈಡು ಖಂಡಿತ ಕೇಳ್ತಾರೆ, ಈ ಉಪ್ಪು ಸಮುದ್ರದ್ದೇ ಅಂತ ಹೇಗೆ ಹೇಳ್ತೀಯ ಅಂತ. ಬ್ರೋಮೈಡ್ ನೋಡಬೇಕು. ಕಡಲ ನೀರಿನಲ್ಲಿ ಬ್ರೋಮೈಡ್ ಕ್ಲೋರೈಡಿನ ತೂಕದ ಸುಮಾರು 290ನೇ ಒಂದು ಭಾಗ. ಆದ್ರೆ ಟಿಟಿಎಬಿಯ ಕೊನೆಯ ಅಕ್ಷರವೇ ಬ್ರೋಮೈಡು! 0.5 ಮಿಲಿಮೋಲಾರ್ ಅಂದ್ರೆ ಬಫರಿನಲ್ಲೇ ಲೀಟರಿಗೆ 40 ಮಿ.ಗ್ರಾಂ. ಬ್ರೋಮೈಡ್. ಬಾವಿ ನೀರಿನ ಎರಡು-ಮೂರು ಮಿ.ಗ್ರಾಂ. ಅದರಲ್ಲಿ ಎಲ್ಲಿ ಕಾಣಬೇಕು? ಅಯಾನ್ ವಿನಿಮಯ ರಾಳದ ಮೂಲಕ ಹಾಯಿಸಿ ಹೈಡ್ರಾಕ್ಸೈಡ್ ರೂಪಕ್ಕೆ ತನ್ನಿ, ಆಮೇಲೆ ಪಿಎಚ್ ಸರಿಮಾಡಿ. ಹರಿವು ತಿರುಗಿಸೋದು ಧನ ತಲೆ, ಜೊತೆಗಿರೋ ಋಣ ಯಾವುದಾದ್ರೂ ನಡೆಯುತ್ತೆ.

ಉಪ್ಪಾಗೆ (ಶಿರಸಿ)

ಇಷ್ಟು ದಿನ ಓದ್ತಾ ಇದ್ದೆ, ಈಗ ನನ್ನದೊಂದು. ನಾನು ಸೊಪ್ಪು-ಸಿಪ್ಪೆ ಸಾರ ತೆಗೆಯೋ ಒಂದು ಘಟಕದ ಲ್ಯಾಬಿನಲ್ಲಿದ್ದೇನೆ. ಉಪ್ಪಾಗೆ (ನಮ್ಮ ಕಡೆಯ ಒಂದು ಹುಳಿ ಹಣ್ಣು) ಒಣಸಿಪ್ಪೆಗೆ ವ್ಯಾಪಾರಿಗಳು ರೇಟು ಕಟ್ಟೋದು ಅದರಲ್ಲಿರೋ ಹೈಡ್ರಾಕ್ಸಿಸಿಟ್ರಿಕ್ ಆಮ್ಲದ ಮೇಲೆ. ಮುರುಗಲು ಸಿಪ್ಪೆಯಲ್ಲೂ ಅದೇ ಆಮ್ಲ. ಎಚ್‌ಪಿಎಲ್‌ಸಿಯಲ್ಲಿ ಆಮ್ಲ ಮತ್ತು ಅದರ ಲ್ಯಾಕ್ಟೋನ್ ಬಿಡಿಸೋದೇ ಗೋಳು. ಈ ತಿರುಗಿದ ಹರಿವಿನಲ್ಲಿ ಆದೀತಾ ಮಾಸ್ತರೆ?

ಬಫರ್_ಮಾಸ್ತರು

ಆಗಲೇಬೇಕು. ಹಿಂದೆ ಉಪ್ಪಾಗೆಯ ಹುಳಿಯನ್ನು ಸಿಟ್ರಿಕ್ ಎಂದುಕೊಂಡಿದ್ದರು. ಅದು ಹೈಡ್ರಾಕ್ಸಿಸಿಟ್ರಿಕ್ ಎಂದು ಲೂಯಿಸ್ ಮತ್ತು ನೀಲಕಂಠನ್ 1965ರಲ್ಲಿ ತೋರಿಸಿದರು. ಆಮ್ಲಕ್ಕೆ ಮೂರು ಕಾರ್ಬಾಕ್ಸಿಲ್. ಲ್ಯಾಕ್ಟೋನ್ ಆದಾಗ ಒಂದು ಕಾರ್ಬಾಕ್ಸಿಲ್ ಪಕ್ಕದ ಹೈಡ್ರಾಕ್ಸಿಲ್ ಜೊತೆ ಸೇರಿ ಉಂಗುರವಾಗುತ್ತದೆ, ಉಳಿಯುವುದು ಎರಡು. ಅವು ಬಹುಮಟ್ಟಿಗೆ ಪ್ರೋಟಾನ್ ಬಿಟ್ಟುಕೊಟ್ಟಿರುವ ಪಿಎಚ್‌ನಲ್ಲಿ ಆಮ್ಲಕ್ಕೆ ಚಾರ್ಜ್ ಹೆಚ್ಚು, ನಡಿಗೆ ಜೋರು, ಅದು ಮೊದಲು. ಲ್ಯಾಕ್ಟೋನ್ ಅದರ ಹಿಂದೆ. ಹರಿವು ಜೊತೆಗಿರುವುದರಿಂದ ಎರಡೂ ಕೆಲವೇ ನಿಮಿಷದಲ್ಲಿ ಬರಬೇಕು. ಎರಡಕ್ಕೂ ಒಳ್ಳೆಯ ಹೀರಿಕೆ ಇಲ್ಲ, ಹಾಗಾಗಿ ಅಕ್ಕೋರು ಹೇಳಿದ ಪಿರಿಡಿನ್ ಡೈಕಾರ್ಬಾಕ್ಸಿಲಿಕ್ ಬಫರ್, ಪಿಎಚ್ 5.6ರ ಹತ್ತಿರ, ಸಿಟಿಎಬಿ ಜೊತೆ. ಸಾವಯವ ಆಮ್ಲಗಳಿಗೆ ಪಳಗಿದ ದಾರಿ ಅದು.

ಹೊನ್ನಾವರದ_ಅಕ್ಕೋರು

ಪಿಎಚ್ ಮೇಲೇರಿಸಬೇಡಿ. ಕ್ಷಾರದಲ್ಲಿ ಲ್ಯಾಕ್ಟೋನಿನ ಉಂಗುರ ಬಿಚ್ಚಿ ಆಮ್ಲವಾಗುತ್ತದೆ, ಆಗ ನೀವು ಅಳೆಯುವುದು ಸಿಪ್ಪೆಯಲ್ಲಿದ್ದದ್ದನ್ನಲ್ಲ. ತದ್ವಿರುದ್ಧವಾಗಿ ಆಮ್ಲದ ಸಾರವನ್ನು ಕಾಯಿಸಿ ಗಟ್ಟಿಮಾಡಿದರೆ ಲ್ಯಾಕ್ಟೋನ್ ಹೆಚ್ಚುತ್ತದೆ.

ಉಪ್ಪಾಗೆ

ಹಾಗಾದ್ರೆ ಸಿಪ್ಪೆ ನೆನೆಸಿದ ನೀರನ್ನ ಕಾಯಿಸದೆ, ಸೋಸಿ, ಅವತ್ತೇ ಓಡಿಸ್ತೇನೆ. ಎಣ್ಣೆಯಂಶ ಇರೋ ಬೀಜ ಸೇರದ ಹಾಗೆ ಬರೀ ಸಿಪ್ಪೆ ಆರಿಸಿಕೊಳ್ಳಬೇಕು, ನಮ್ಮ ಕಡೆ ಬೀಜ ಹೆಂಗೂ ತುಪ್ಪ ತೆಗೆಯೋಕೆ ಬೇರೆ ಹೋಗ್ತದೆ. ಗ್ರಾಫ್ ಬಂದ ಮೇಲೆ ಇಲ್ಲೇ ಹಾಕ್ತೇನೆ.

ಮೂವತ್ತು_ಕಿಲೋವೋಲ್ಟ್

ಹಾಕಿ. ಸಿಪ್ಪೆಯ ಸಾರ ಅಂದ್ರೆ ಅಂಟು, ಪೆಕ್ಟಿನ್ ಎಲ್ಲ ಇರುತ್ತೆ, 0.45 ಮೈಕ್ರಾನ್ ಫಿಲ್ಟರ್ ತಪ್ಪಿಸಬೇಡಿ. ಎರಡು ರನ್ ನಡುವೆ ಬಫರಿನಿಂದ ತೊಳೆಯಿರಿ, ಅದರಲ್ಲಿ ಸಿಟಿಎಬಿ ಇರಲಿ. ಸೋಡಿಯಂ ಹೈಡ್ರಾಕ್ಸೈಡ್ ಹಾಯಿಸಿದ್ರೆ ಗೋಡೆಯ ಹೊದಿಕೆ ಹೋಗುತ್ತೆ. ಹಾಗೆ ತೊಳೆದ ದಿನ ಬಫರ್ ಹಾಯಿಸಿ ಹತ್ತು ನಿಮಿಷ ಕಾಯಿರಿ, ನೀರಿನ ತಗ್ಗು ಎರಡು ರನ್‌ನಲ್ಲಿ ಒಂದೇ ಜಾಗಕ್ಕೆ ಬಂದ ಮೇಲೆ ಮಾದರಿ ಇಡಿ.